ಕಾರ್ಡುರಾಯನ ಹೆಬ್ಬೆರಳು

ಗ್ರಂಥಾಲಯದ ಬಾಗಿಲು ಕಾಯುವ ನಾವು ಅವನಿಗಿಟ್ಟ ಹೆಸರು ಕಾರ್ಡುರಾಯ. ವಿಶ್ವವಿದ್ಯಾಲಯದ ಗುರುತಿನ ಕಾರ್ಡನ್ನು ಅವನಂತೆ ಮುದ್ದು ಮಾಡುವವನು ಇನ್ನೊಬ್ಬನಿಲ್ಲ. ಮಳೆ ಬಂದರೆ ತಲೆ ನೆನೆದರೂ ಸರಿ, ಕಾರ್ಡು ಅಂಗಿಯೊಳಗೆ ಬೆಚ್ಚಗಿರಬೇಕು. ಕೂತಲ್ಲಿ ನಿಂತಲ್ಲಿ ಅದನ್ನು ಕರವಸ್ತ್ರದಿಂದ ಒರೆಸುತ್ತಲೇ ಇರುತ್ತಾನೆ. ಸ್ನಾನಕ್ಕಾದರೂ ಬಿಚ್ಚುತ್ತಾನೋ ಇಲ್ಲವೋ, ದೇವರೇ ಬಲ್ಲ. ಆದರೆ ನಮಗೆ ತೋರಿಸುವಾಗ ಮಾತ್ರ ನೆಲ ನೋಡುತ್ತಾನೆ, ಹೆಬ್ಬೆರಳು ಕಾರ್ಡಿನ ಕೆಳಮೂಲೆ ಬಿಟ್ಟು ಕದಲುವುದಿಲ್ಲ. ಅಲ್ಲಿರುವುದು ಅವಧಿ ಮುಗಿದ ದಿನಾಂಕ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು ಹೊರಬಿದ್ದದ್ದನ್ನು ಮನೆಯಲ್ಲಿ ಹೇಳಲಾರದೆ, ತಾಯಿ ಕಟ್ಟಿಕೊಟ್ಟ ಬುತ್ತಿ ಹಿಡಿದು ದಿನವೂ ಇಲ್ಲಿಗೆ ಬರುತ್ತಾನೆ, ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ. "ಓದು ಎಲ್ಲಿಗ್ ಬಂತಪ್ಪಾ?" ಎಂದರೆ "ಇನ್ನೇನು, ಮುಗೀತಾ ಬಂತಣ್ಣ" ಎನ್ನುತ್ತಾನೆ. ನನ್ನದು ಜಾಣಕುರುಡು, ಒಳಗೆ ಬಿಟ್ಟುಬಿಡುತ್ತೇನೆ. ಮೊನ್ನೆ ಕಾರ್ಡಿಗೆ ಹೊಸ ಬಟ್ಟೆಯ ಚೀಲ ಬಂದಿತ್ತು. "ಯಾರಪ್ಪಾ ಹೊಲಿದಿದ್ದು?" ಎಂದೆ. "ಅಮ್ಮ" ಎಂದವನು ತಲೆಯೆತ್ತಲೇ ಇಲ್ಲ. ಮುಖ, ಹೆಸರು ಕಾಣುವಂತೆ ಕಿಟಕಿ ಬಿಟ್ಟಿದ್ದ ಆ ತಾಯಿ, ಕೆಳಮೂಲೆಯಲ್ಲಿ ಮಾತ್ರ, ಸರಿಯಾಗಿ ಹೆಬ್ಬೆರಳಿನಗಲ, ಬಟ್ಟೆ ಮಡಿಚಿ ಹೊಲಿದಿದ್ದರು.