ಬೆಳ್ಳಿ ತೊಟ್ಟಿಲಿನ ಕಾಲಂ

ಎಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ, ಅಜ್ಜಂಪುರದಲ್ಲಿ ಮೇಷ್ಟರಾಗಿದ್ದ ನಾನು ಮೈಸೂರಿನಿಂದ ಬಂದ ಮೇಡಂ ಒಬ್ಬರ ಜೊತೆ ಊರೂರು ತಿರುಗಿದೆ. ಜನ ಓದಿಗೆಷ್ಟು, ದೇವರಿಗೆಷ್ಟು ಖರ್ಚು ಮಾಡುತ್ತಾರೆ ಎಂಬುದು ಅವರ ಅಧ್ಯಯನ. ಅವರು ಕೇಳುತ್ತಿದ್ದರು, ನಾನು ಫಾರಂ ತುಂಬುತ್ತಿದ್ದೆ.

ಚಾಪೆ ಹಾಸಿದರೂ ಮೇಡಂ ನೆಲದ ಮೇಲೇ ಕೂರುವರು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ನನ್ನ ಬರವಣಿಗೆಯನ್ನು ಬಗ್ಗಿ ನೋಡುವರು. "ಇದ್ದದ್ದನ್ನ ಇದ್ದ ಹಾಗೆ ಬರೀರಿ ಮೇಷ್ಟ್ರೇ." ಸಖರಾಯಪಟ್ಟಣದಲ್ಲಿ ಒಂದು ಮಗುವಿನ ತರಗತಿಯನ್ನು ಅಂದಾಜಿನಲ್ಲಿ ಬರೆದೆನೆಂದು, ಬಂದ ಬಸ್ಸನ್ನು ಬಿಟ್ಟು ಸುಡುಬಿಸಿಲಲ್ಲಿ ಆ ಮನೆಗೆ ವಾಪಸ್ ನಡೆಸಿದ್ದರು. ನನಗೆ ರೇಗಿಹೋಗಿತ್ತು.

ಶಿವನಿ ಎಂಬ ಊರಿನ ಒಬ್ಬ ತಾಯಿ ಮಗಳನ್ನು ತರೀಕೆರೆಯ ಹಾಸ್ಟೆಲಿಗೆ ಸೇರಿಸಿದ್ದಳು. ದೇವರ ಖರ್ಚು ಕೇಳಿದಾಗ ದನಿ ತಗ್ಗಿಸಿದಳು.

"ಈ ಮಗು ಉಳುದ್ರೆ ಮನೆದೇವ್ರಿಗೆ ಬೆಳ್ಳಿ ತೊಟ್ಲು ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ ಅಮ್ಮಾರೇ. ಅದಕ್ಕೆ ಅಂತ ಕೂಡಿಟ್ಟಿದ್ದೆಲ್ಲಾ ಅವಳ ಓದಿಗೇ ಹೋಯ್ತು. ತಪ್ಪಾಯ್ತಾ?"

ನಾನು ಆಗಲೇ ಓದಿನ ಕಾಲಂ ಮೇಲೆ ಪೆನ್ನು ಊರಿದ್ದೆ. ಮೇಡಂ ಆಕೆಯ ಕೈ ಹಿಡಿದುಕೊಂಡೇ, "ದೇವರ ಕಾಲಂಗೆ ಬರೀರಿ" ಎಂದರು.

"ಮೇಡಂ, ಅದು ಹಾಸ್ಟೆಲ್ ಫೀಜು..."

ಕನ್ನಡಕ ತೆಗೆದರು. ಈ ಸಲ ಸೆರಗಿನಲ್ಲಿ ಒರೆಸಿಕೊಂಡದ್ದು ಕಣ್ಣನ್ನು.

"ಇದ್ದದ್ದನ್ನ ಇದ್ದ ಹಾಗೆ ಬರೀರಿ ಮೇಷ್ಟ್ರೇ."