ಪ್ಲೇಟಿನ ಇನ್ನೊಂದು ಮುಖ

ನಮ್ಮ ಚಿಕ್ಕವ್ವನ ದನಿ ಗ್ರಾಮಫೋನಿನ ಕರಿ ಪ್ಲೇಟಿನ ಮೇಲೆ ಬಂದಾಗ ನಾನಿನ್ನೂ ಎರಡು ಜಡೆಯ ಹುಡುಗಿ. ಅರವತ್ತರ ದಶಕ. ಹನಗೋಡಿನ ಆಚೆಯ ನಮ್ಮೂರಿಗೆ ಪ್ಲೇಟು ಮಾಡುವ ಕಂಪನಿಯವರು ಬಂದು, ಹೆಣ್ಣು ಒಪ್ಪಿಸುವ ಸೋಬಾನೆ ಪದ ಯಾರು ಚೆನ್ನಾಗಿ ಹೇಳುತ್ತಾರೆ ಎಂದು ಕೇಳಿದ್ದರು. ಊರೆಲ್ಲ ಚಿಕ್ಕವ್ವನ ಕಡೆ ಕೈ ತೋರಿಸಿತು. ಅವ್ವನ ತಂಗಿ ಅವಳು. ಹೊಗೆಸೊಪ್ಪಿನ ಎಲೆ ಕಟ್ಟುತ್ತಾ ಕೂತರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ ಹಾಡಿಸಿದರು.

ಪದ ಉದ್ದ, ಪ್ಲೇಟು ಗಿಡ್ಡ. ಹಾಗಾಗಿ ಅರ್ಧ ಒಂದು ಮುಖಕ್ಕೆ, ಇನ್ನರ್ಧ ಇನ್ನೊಂದು ಮುಖಕ್ಕೆ. ಮೊದಲರ್ಧದಲ್ಲಿ ಗಂಡಿನ ಮನೆಯವರ ಹೊಗಳಿಕೆ: ಅವರ ಹಟ್ಟಿ, ಅವರ ಎತ್ತು, ಅವರ ದೊಡ್ಡಸ್ತಿಕೆ. ಎರಡನೆಯದರಲ್ಲಿ ಅವರಿಗೇ ಬುದ್ಧಿವಾದ. ಹಸಿವೆಂದು ಬಾಯಿಬಿಟ್ಟು ಹೇಳುವವಳಲ್ಲ, ನೀವೇ ಕರೆದು ಇಕ್ಕಿ. ತಪ್ಪಾದರೆ ಒಳಗೆ ಹೇಳಿ, ಬೀದಿಯಲ್ಲಿ ಬೇಡ. ಕೈ ಮಾತ್ರ ಎತ್ತಬೇಡಿ. ನಮ್ಮ ಕಡೆ ಈ ಮಾತು ಮುಗಿದ ಮೇಲೆಯೇ ಹೆಣ್ಣಿನ ಕೈಯನ್ನು ಅತ್ತೆಯ ಕೈಗೆ ಕೊಡುವುದು. ನೆಂಟರೆಲ್ಲರ ಎದುರು ಅತ್ತೆ ತಲೆಯಾಡಿಸಿ ಕೇಳಿಸಿಕೊಳ್ಳಬೇಕು.

ಪ್ಲೇಟಿನ ನಡುವಿನ ಚೀಟಿಯಲ್ಲಿ ಚಿಕ್ಕವ್ವನ ಹೆಸರಿತ್ತು. ಹುಣಸೂರಿನ ಮೈಕ್‌ಸೆಟ್ಟಿನವನು ಮದುವೆ ಮದುವೆಗೂ ಅದನ್ನು ಹಾಕಿದ. "ನಿನ್ನ ಮದ್ವೇಲಿ ಪ್ಲೇಟು ಬ್ಯಾಡ ಕಣವ್ವ, ನಾನೇ ಎದ್ರುಗೆ ಕೂತು ಏಳ್ತೀನಿ" ಎಂದು ಚಿಕ್ಕವ್ವ ನನಗೆ ಜಡೆ ಹಾಕುತ್ತಾ ಹೇಳುತ್ತಿದ್ದಳು. ನಾನು ಅದನ್ನೇ ನಂಬಿಕೊಂಡಿದ್ದೆ.

ಆಮೇಲೆ ಚಿಕ್ಕಪ್ಪ ಜ್ವರದಲ್ಲಿ ಸತ್ತ. ಗಂಡ ಸತ್ತವಳ ಬಾಯಲ್ಲಿ ಸೋಬಾನೆ ಹೇಳಿಸುವುದುಂಟೇ? ಅಂದಿನಿಂದ ಅವಳನ್ನು ಯಾರೂ ಚಪ್ಪರದೊಳಕ್ಕೆ ಕರೆಯಲಿಲ್ಲ. ಪ್ಲೇಟಿಲ್ಲದೆ ಮಾತ್ರ ಯಾರ ಮದುವೆಯೂ ಆಗುತ್ತಿರಲಿಲ್ಲ. ಅವಳ ದನಿ ಬೇಕು, ಅವಳು ಬೇಡ. ಈ ನ್ಯಾಯ ಮಾಡಿದವರ ಮನೆ ಹಾಳಾಗ.

ಆ ಪ್ಲೇಟು ಸವೆದು ಕೊರಕೊರ ಅನ್ನುವ ಹೊತ್ತಿಗೆ, ಎಪ್ಪತ್ತರ ದಶಕದಲ್ಲಿ, ಕಂಪನಿಯವರು ಅದನ್ನೇ ಚಿಕ್ಕ ಪ್ಲೇಟು ಮಾಡಿ ಮತ್ತೆ ಹೊರಡಿಸಿದರು. ಚಿಕ್ಕವ್ವನ ಹಳೆಯ ದನಿಗೆ ಕ್ಲಾರಿನೆಟ್ಟು, ತಬಲ ಸೇರಿಸಿದ್ದರು. ಚೀಟಿಯಲ್ಲಿ ವಾದ್ಯ ನುಡಿಸಿದವನ ಹೆಸರಿತ್ತು, ಅವಳದಿರಲಿಲ್ಲ. ಬುದ್ಧಿವಾದ ಯಾರಿಗೆ ಬೇಕು ಅಂದುಕೊಂಡರೋ ಏನೋ, ಇನ್ನೊಂದು ಮುಖಕ್ಕೆ ಬೇರೆ ಯಾರದೋ ತಮಾಷೆ ಹಾಡು ತುಂಬಿದ್ದರು. "ಅರ್ದಾನೇ ಕೊಯ್ದಾಕವ್ರಲ್ಲವ್ವ" ಎಂದಳು ಚಿಕ್ಕವ್ವ. ಹೆಸರು ಹೋದದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ.

ಹುಡುಗಿಯರು ಪದ ಕಲಿತದ್ದೇ ಈ ಹೊಸ ಪ್ಲೇಟಿನಿಂದ. ಹಳಬರೋ, ಪ್ಲೇಟು ಇದೆಯಲ್ಲ ಎಂದು ಹೇಳುವುದನ್ನೇ ಬಿಟ್ಟು ಮರೆತಿದ್ದರು.

ನನ್ನ ಮದುವೆಯ ದಿನ ಚಿಕ್ಕವ್ವ ಹಿತ್ತಲಲ್ಲಿ ಬದನೆಕಾಯಿ ಹೆಚ್ಚುತ್ತಾ ಕೂತಿದ್ದಳು. ಪದ ಅವಳೇ ಹೇಳಲಿ ಎಂದು ನಾನು ಹಟ ಹಿಡಿದಿದ್ದೆ. "ನಿನ್ ತಾಳಿ ಗಟ್ಟಿಯಾಗಿರ್ಬೇಕೋ ಬ್ಯಾಡ್ವೋ?" ಎಂದು ಅಜ್ಜಿ ಕಡ್ಡಿ ಮುರಿದಂತೆ ಕೇಳಿದ್ದಳು. ಚಿಕ್ಕವ್ವನನ್ನು ಹೆತ್ತವಳೂ ಅವಳೇ.

ಒಪ್ಪಿಸುವ ಹೊತ್ತಿಗೆ ಪ್ಲೇಟು ಹಾಕಿದರು. ಹೆಂಗಸರು ಅದರ ಜೊತೆ ದನಿಗೂಡಿಸಿದರು. ಹೊಗಳಿಕೆ ಮುಗಿಯಿತು, ಮುಳ್ಳು ಕರ್ರೆಂದಿತು, ಎಲ್ಲರೂ ಸುಮ್ಮನಾದರು. ಮುಂದಿನದು ಯಾರಿಗೂ ಬರದು. ನನ್ನ ಕೈ ಇನ್ನೂ ಅವ್ವನ ಕೈಯಲ್ಲೇ ಇತ್ತು.

ಆಗ ಹಿತ್ತಲಿನಿಂದ ಮುಂದಿನ ಸಾಲು ಬಂತು. ದನಿ ಒಡೆದಿತ್ತು, ಆದರೆ ಒಂದು ಮಾತೂ ತಪ್ಪಿರಲಿಲ್ಲ. ನನ್ನ ಅತ್ತೆ ಮುಖ ಗಂಟಿಕ್ಕಿದಳು. "ಮುಂಡೆ ಬಾಯಲ್ಲಿ ನಮ್ಗೆ ಬುದ್ದಿ ಏಳುಸ್ತೀರಾ?" ಎಂದಳು. ಗಂಡಿನ ಸೋದರಮಾವ ಮೈಕ್‌ಸೆಟ್ಟಿನವನಿಗೆ ಕೈ ಬೀಸಿ, "ಆಕ್ಲಾ ಅದ್ನೇ ಇನ್ನೊಂದ್ಸಲ" ಎಂದ. ಅವನು ಮುಳ್ಳನ್ನು ಮತ್ತೆ ಮೊದಲಿಗಿಟ್ಟು ದನಿ ಏರಿಸಿದ. ಹಾರ್ನಿನೊಳಗಿನ ಚಿಕ್ಕವ್ವ ಗಂಡಿನ ಮನೆಯನ್ನು ಹೊಗಳತೊಡಗಿದಳು. ಹಿತ್ತಲಿನ ಚಿಕ್ಕವ್ವ ಮುಂದೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಆ ಗದ್ದಲದಲ್ಲೇ ಅವ್ವ ನನ್ನ ಕೈಯನ್ನು ಅತ್ತೆಯ ಕೈಗಿಟ್ಟಳು.

ಅತ್ತೆ ಮೊದಲ ಸಲ ಹೊಡೆದದ್ದು ಬೀದಿಯಲ್ಲಿ, ನೆರೆಯವರ ಕಣ್ಣೆದುರಿಗೆ. ನಾನು ಕೇಳಿಯೇಬಿಟ್ಟೆ, ಕೈ ಎತ್ತಬೇಡಿ ಅಂತ ಒಪ್ಪಿಸುವ ಪದದಲ್ಲೇ ಇದೆಯಲ್ಲ ಎಂದು. ಅತ್ತೆ ಸೆರಗು ಸರಿಮಾಡಿಕೊಂಡಳು.

"ನಾ ಕೇಳಿದ ಪ್ಲೇಟಲ್ಲಿ ಅಂಗೇನೂ ಇರ್ನಿಲ್ಲ ಕಣೆ" ಎಂದಳು.