ಮೀನ ಮೈಸೂರು ಅಂದರೆ ಎಂತ?

ಹೈಸ್ಕೂಲಿನ ಕನ್ನಡ ಟೀಚರ್ ಕೆಲಸ ಬಿಟ್ಟು ಮಣಿಪಾಲದ ಒಂದು ಸಣ್ಣ ಸ್ಟುಡಿಯೋ ಸೇರಿದಾಗ, ಅಲ್ಲಿ ನನ್ನ ಕೆಲಸ ಏನೆಂದು ಮನೆಯವರಿಗೆ ವಿವರಿಸುವುದೇ ದೊಡ್ಡ ಕಷ್ಟವಾಯಿತು. "ವಿಡಿಯೋದ ಕೆಳಗೆ ಅಕ್ಷರ ಬರ್ತದಲ್ಲ, ಅದನ್ನು ನೋಡುವುದು" ಎಂದೆ. ಗಂಡ ಪತ್ರಿಕೆಯಿಂದ ತಲೆ ಎತ್ತಿ, "ನೋಡ್ಲಿಕ್ಕೂ ಸಂಬಳ ಕೊಡ್ತಾರಾ?" ಎಂದರು. ಪರ್ಕಳದ ನಮ್ಮ ಪಕ್ಕದ ಮನೆಯಾಕೆಯಂತೂ ನಾನು ಸಿನಿಮಾ ಲೈನಿಗೆ ಸೇರಿದ್ದೇನೆಂದು ನಂಬಿ ಕೆಲವು ದಿನ ನನ್ನ ಸೀರೆಗಳನ್ನು ವಿಶೇಷವಾಗಿ ಗಮನಿಸಿದರು.

ಸ್ಟುಡಿಯೋ ಎಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಹಸಿರು ಬಟ್ಟೆಯ ಪರದೆ, ಬೋರ್ಡು, ಕ್ಯಾಮೆರಾ. ಇನ್ನೊಂದರಲ್ಲಿ ಕಂಪ್ಯೂಟರುಗಳು ಮತ್ತು ಮಾಲೀಕನ ಮಜ್ಜಿಗೆ ಬಾಟಲಿಗಳಿರುವ ಫ್ರಿಜ್ಜು. ಮಾಲೀಕ ಇಂಜಿನಿಯರಿಂಗ್ ಓದಿದ ಉತ್ಸಾಹಿ. ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ವಿಜ್ಞಾನದ ಪಾಠಗಳನ್ನು ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕುತ್ತಿದ್ದ.

"ಮಾತು ಕೇಳಿ ಬರೆಯುವುದೆಲ್ಲ ಮೆಷಿನ್ ಮಾಡ್ತದೆ ಮೇಡಂ. ನೀವು ಸುಮ್ಮನೆ ಒಮ್ಮೆ ಕಣ್ಣಾಡಿಸಿದರೆ ಸಾಕು" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದ.

ನಾನು ಕಣ್ಣಾಡಿಸಿದ ಮೊದಲ ಪಾಠ ಬೆಳಕಿನದ್ದು. ಪಾಠ ಮಾಡುತ್ತಿದ್ದವರು ಕಾರ್ಕಳದ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಎಲ್ಲರೂ ಅವರನ್ನು 'ಮಾಸ್ಟ್ರು' ಎಂದೇ ಕರೆಯುತ್ತಿದ್ದೆವು. ಒಳ್ಳೆಯ ಪಾಠ, ಆದರೆ ಅವರ ಮಾತು ಕಾರ್ಕಳ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ, ಸಣ್ಣಪುಟ್ಟ ಸ್ಟಾಪಿನಲ್ಲಿ ನಿಲ್ಲುತ್ತಿರಲಿಲ್ಲ. ಹಾರಿಹೋದ ಅಕ್ಷರಗಳನ್ನೆಲ್ಲ ಮೆಷಿನ್ ತನ್ನ ಬುದ್ಧಿಯಿಂದ ತುಂಬಿಸಿತ್ತು. ಬೆಳಕಿನ ವಕ್ರೀಭವನ ಎಂದು ಅವರು ಹೇಳಿದ್ದು 'ಬೆಳಕಿನ ವಿಕ್ರಿ ಭವನ' ಆಗಿತ್ತು. ಪ್ರಧಾನ ಸಂಗಮ ಎಂದದ್ದು 'ಪ್ರಧಾನಿ ಸಂಗಮ' ಆಗಿ, ಅಲ್ಲಿಗೆ ಎಲ್ಲ ಕಿರಣಗಳೂ ಬಂದು ಸೇರುತ್ತಿದ್ದವು. ನಡುವೆ ಉಬ್ಬಿದ ಪೀನ ಮಸೂರ 'ಮೀನ ಮೈಸೂರು' ಆಗಿತ್ತು. ನಡುವೆ ತಗ್ಗಿದ ನಿಮ್ನ ಮಸೂರ 'ನಿಮ್ಮ ಮೈಸೂರು'.

ಇವೆಲ್ಲಕ್ಕಿಂತ ಮಿಗಿಲಾದದ್ದು ಇನ್ನೊಂದಿತ್ತು. ಮಾಸ್ಟ್ರ ಮನೆಮಾತು ತುಳು. ನಾವು 'ಅಲ್ವಾ' ಎನ್ನುವ ಕಡೆ ಅವರಿಗೆ ತಿಳಿಯದೆಯೇ ತುಳುವಿನ 'ಅತ್ತಾ' ಬಂದುಬಿಡುತ್ತಿತ್ತು. ಮೆಷಿನ್ ಅದನ್ನು ನಿಷ್ಠೆಯಿಂದ ಹೀಗೆ ಬರೆದಿತ್ತು: 'ಬೆಳಕು ಸರಳರೇಖೆಯಲ್ಲಿ ಹೋಗುತ್ತದೆ ಅತ್ತೆ. ಕನ್ನಡಿಗೆ ಬಡಿದರೆ ಹಿಂದೆ ಬರುತ್ತದೆ ಅತ್ತೆ.' ಇಡೀ ಅಧ್ಯಾಯ ಯಾವುದೋ ಹಟಮಾರಿ ಅತ್ತೆಗೆ ಅಳಿಯನೊಬ್ಬ ತಾಳ್ಮೆಯಿಂದ ಮಾಡಿದ ಉಪದೇಶದಂತಿತ್ತು. ನಾನು ನಕ್ಕ ರಭಸಕ್ಕೆ ಮಾಲೀಕ ಮಜ್ಜಿಗೆ ಹಿಡಿದುಕೊಂಡೇ ಓಡಿಬಂದ.

"ಇದು ಆಗಲೇ ಇಂಟರ್ನೆಟ್ಟಿನಲ್ಲಿ ಉಂಟಾ?" ಎಂದೆ.

"ನೀವು ಬರುವ ಮೊದಲೇ ಹಾಕಿ ಆಗಿದೆ. ಎಂತ ತೊಂದರೆ ಇಲ್ಲ ಮೇಡಂ, ಎಲ್ಲರೂ ಕೇಳುವುದು. ಯಾರು ಓದ್ತಾರೆ?"

ಯಾರು ಓದುತ್ತಾರೆ ಎಂಬುದು ಅದೇ ವಾರ ಗೊತ್ತಾಯಿತು. ಸ್ಟುಡಿಯೋದ ಫೋನಿಗೆ ಕಾಪುವಿನಿಂದ ಒಬ್ಬ ಹೆಂಗಸು ಕರೆ ಮಾಡಿದರು. ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವವರು. ಹಾಗಾಗಿ ಕನ್ನಡದ ಒಂದೊಂದು ಶಬ್ದವನ್ನೂ ಒರೆಸಿ ಇಟ್ಟಂತೆ ಹೇಳುತ್ತಿದ್ದರು.

"ಟೀಚರ್, ಒಂದು ಸಂಶಯ. ಮೀನ ಮೈಸೂರು ಅಂದರೆ ಎಂತ?"

ಅವರೇ ಮುಂದುವರಿಸಿದರು. "ಮೀನು ನಮ್ಮಲ್ಲಿ ದಿನಾ ಉಂಟು. ಮೈಸೂರಿಗೆ ನಾವು ಒಮ್ಮೆ ಟೂರ್ ಹೋಗಿದ್ದೇವೆ. ಎರಡೂ ಒಟ್ಟಿಗೆ ಎಂತ ಅಂತ ಗೊತ್ತಾಗ್ಲಿಲ್ಲ. ಮಗಳಿಗೆ ಪರೀಕ್ಷೆ ಉಂಟು."

ಮಗಳು ಹತ್ತನೆಯ ತರಗತಿ. ಸಣ್ಣವಳಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು. ಮಾತು ಕಲಿತ ಮೇಲೆ ಹೋದದ್ದರಿಂದ ಮಾತಾಡುತ್ತಿದ್ದಳು, ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಮನೆಯಲ್ಲಿ ಕುಳಿತು ನಮ್ಮ ವಿಡಿಯೋದ ಅಕ್ಷರ ಓದಿ ಪಾಠ ಕಲಿಯುತ್ತಿದ್ದಳು. ಪಠ್ಯಪುಸ್ತಕದಲ್ಲಿ ಪೀನ ಮಸೂರವಿದೆ, ಮೀನ ಮೈಸೂರು ಇಲ್ಲ. ಹಾಗಾದರೆ ಇದು ಪುಸ್ತಕದಲ್ಲಿಲ್ಲದ ಹೆಚ್ಚಿನ ಪಾಠವಿರಬೇಕು ಎಂದುಕೊಂಡಿದ್ದಳು. ಅವಳ ತರ್ಕಕ್ಕೆ ಆಧಾರವೂ ಇತ್ತು. ನೀರಿನಲ್ಲಿರುವ ಮೀನು ನಿಜವಾದ ಜಾಗಕ್ಕಿಂತ ಮೇಲೆ ಕಾಣುತ್ತದೆ ಎಂಬ ಉದಾಹರಣೆಯನ್ನು ಮಾಸ್ಟ್ರು ಅದೇ ಪಾಠದಲ್ಲಿ ಕೊಟ್ಟಿದ್ದರು. ಶಾಲೆಯಲ್ಲಿ ಎದ್ದು ನಿಂತು ಕೇಳಿದಳಂತೆ. ತರಗತಿಯೆಲ್ಲ ನಕ್ಕಿತು. ಯಾಕೆ ನಕ್ಕರೆಂದು ಅವಳಿಗೊಬ್ಬಳಿಗೇ ತಿಳಿಯಲಿಲ್ಲ.

ಇದನ್ನು ಮಾಲೀಕನಿಗೆ ಹೇಳಿದಾಗ ಅವನು ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿದ. "ಎಲ್ಲ ಪಾಠವನ್ನೂ ನಾವು ಮೊದಲಿನಿಂದ ನೋಡುವ ಮೇಡಂ" ಎಂದ. ಆಮೇಲೆ ಸಣ್ಣ ಧ್ವನಿಯಲ್ಲಿ, "ನಾವು ಅಂದರೆ, ನೀವು" ಎಂದು ಸೇರಿಸಿದ.

ಕೇಳಿ ಕೇಳಿ ಬರೆದೆ. ಆದರೆ ಮಾಸ್ಟ್ರು ಬೋರ್ಡಿನ ಕಡೆ ತಿರುಗಿ ಗೊಣಗಿದ ಕೆಲವು ಮಾತು ಎಷ್ಟು ಸಲ ಕೇಳಿದರೂ ಬಿಡಿಸಲಾಗಲಿಲ್ಲ. ಅವರನ್ನೇ ಕೇಳೋಣವೆಂದು ಲ್ಯಾಪ್‌ಟಾಪ್ ಹಿಡಿದು ಪರ್ಕಳದಿಂದ ಕಾರ್ಕಳದ ಬಸ್ಸು ಹತ್ತಿದೆ.

ಮಾಸ್ಟ್ರು ತಮ್ಮ ಪಾಠವನ್ನು ಟಿವಿಗೆ ಹಾಕಿಸಿಕೊಂಡು ಕಾಲು ಚಾಚಿ ಕುಳಿತರು. ರಿಮೋಟ್ ಒತ್ತಿ ಶಬ್ದ ಏರಿಸಿದರು, ಮತ್ತೂ ಏರಿಸಿದರು. ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು.

"ಸ್ವಲ್ಪ ಕಮ್ಮಿ ಮಾಡಿ ಮಾರಾಯ್ರೆ, ಬೈಲಿನವರಿಗೆಲ್ಲ ಪಾಠ ಆಗ್ತಾ ಉಂಟು" ಎಂದು ಅಡುಗೆಮನೆಯಿಂದ ಹೆಂಡತಿಯ ಧ್ವನಿ ಬಂತು.

ಅವರು ಗೊಣಗಿದ ಭಾಗ ಬಂದಾಗ ನಾನು ವಿಡಿಯೋ ನಿಲ್ಲಿಸಿದೆ. ಮಾಸ್ಟ್ರು ಪರದೆಯ ಮೇಲಿನ ತಮ್ಮನ್ನೇ ಹುಬ್ಬು ಗಂಟಿಕ್ಕಿ ನೋಡಿದರು. "ಎಂತ ಹೇಳಿದ್ದು ಇವ?"

"ಇವ ಅಂದರೆ ನೀವೇ ಸರ್."

"ಗೊತ್ತುಂಟು. ಆದರೆ ಎಂತ ಹೇಳಿದ್ದು?"

ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಅವರಿಗೆ ಎಡದ ಕಿವಿ ಕೇಳುವುದಿಲ್ಲ ಟೀಚರ್. ಬಲದ ಕಿವಿಗೆ ತನಗೆ ಬೇಕಾದದ್ದು ಮಾತ್ರ ಕೇಳ್ತದೆ. ಪುನಃ ಹಾಕಿ." ನಾನು ಪುನಃ ಹಾಕಿದೆ. "'ಈ ಚಾಕ್‌ಪೀಸ್ ಸುಟ್ಟುಹೋಗ್ಲಿ' ಅಂತ ಹೇಳಿದ್ದು. ಮುಂದಿನದ್ದು?" ಗಂಡನ ಗೊಣಗಾಟದ ಜೊತೆ ಅಷ್ಟು ವರ್ಷ ಬಾಳಿದವರಿಗೆ ಅದೇನೂ ಕಷ್ಟವಾಗಲಿಲ್ಲ. ಸಾರು ಕುದಿಯುವಷ್ಟರಲ್ಲಿ ಎಲ್ಲವನ್ನೂ ಬಿಡಿಸಿಕೊಟ್ಟರು.

ಅಷ್ಟರಲ್ಲಿ ಮಾಸ್ಟ್ರ ಕಣ್ಣು ಹಳೆಯ ಅಕ್ಷರಗಳ ಮೇಲೆ ಬಿತ್ತು. "ಇದೆಂತ, ಸಾಲು ಸಾಲಿಗೆ ಅತ್ತೆ? ನನ್ನ ಅತ್ತೆ ತೀರಿಹೋಗಿ ಎಷ್ಟು ವರ್ಷ ಆಯ್ತು! ಅವರಿಗೆ ನಾನು ಯಾಕೆ ಬೆಳಕಿನ ಪಾಠ ಮಾಡ್ಲಿ?"

"ಬದುಕಿದ್ದಾಗ ಅಮ್ಮನ ಹತ್ತಿರ ಇಷ್ಟು ಮಾತಾಡಿದ್ದೇ ಇಲ್ಲ" ಎಂದು ಹೆಂಡತಿ ಒಳಗೆ ಹೋದರು.

ಎಲ್ಲ ತಪ್ಪುಗಳನ್ನೂ ತಿದ್ದಿದೆ. ಅಲ್ಲಿಗೇ ನಿಲ್ಲಲಿಲ್ಲ. ಇಷ್ಟು ವರ್ಷ ಕನ್ನಡ ಕಲಿಸಿದ ಕೈ ಸುಮ್ಮನಿರಬೇಕಲ್ಲ. 'ಉಂಟು' ಎಂದಲ್ಲೆಲ್ಲ 'ಇದೆ' ಮಾಡಿದೆ. 'ಎಂತ'ವನ್ನು 'ಏನು' ಮಾಡಿದೆ. ಅತ್ತಾಗಳು, ಚಾಕ್‌ಪೀಸಿನ ಶಾಪ, ಪಾಠಕ್ಕೆ ಸಂಬಂಧವಿಲ್ಲದ ಹರಟೆ ಎಲ್ಲ ತೆಗೆದೆ. ಕೊನೆಗೆ ಮಾಸ್ಟ್ರು ಇಸ್ತ್ರಿ ಮಾಡಿದ ಕನ್ನಡದಲ್ಲಿ ಮಾತಾಡುತ್ತಿದ್ದರು. ಹೆಮ್ಮೆಯಿಂದ ಒಂದು ಭಾನುವಾರ ಉಡುಪಿಗೆ ಹೋಗಿ ಕಾಪುವಿನ ಬಸ್ಸು ಹಿಡಿದೆ.

ಹುಡುಗಿ ಹೆದ್ದಾರಿಯ ಹಿಂದಿನ ಓಣಿಯ ಮನೆಯಲ್ಲಿ ಮೊಬೈಲ್ ಹಿಡಿದು ಕಾಯುತ್ತಿದ್ದಳು. ಸಂಕೋಚದ ಮಗುವನ್ನು ನಿರೀಕ್ಷಿಸಿ ಹೋಗಿದ್ದೆ. ಅವಳೋ ಪರೀಕ್ಷಕರ ಹಾಗೆ ನನ್ನನ್ನು ಎದುರು ಕೂರಿಸಿಕೊಂಡಳು. ತಾಯಿ ಪಕ್ಕದಲ್ಲಿದ್ದು, ನನ್ನ ಮಾತು ವೇಗವಾದಾಗ ತಮ್ಮ ತುಟಿಯಿಂದ ಅದನ್ನೇ ನಿಧಾನವಾಗಿ ಹೇಳುತ್ತಿದ್ದರು.

ಹುಡುಗಿ ಸ್ವಲ್ಪ ನೋಡಿ ವಿಡಿಯೋ ನಿಲ್ಲಿಸಿದಳು. "ಟೀಚರ್, ಇವರ ಬಾಯಿ 'ಉಂಟು' ಹೇಳ್ತದೆ. ಅಕ್ಷರ 'ಇದೆ' ಹೇಳ್ತದೆ. ನಾನು ಯಾರನ್ನು ನಂಬುವುದು?"

ಎರಡೂ ಒಂದೇ, ಬರಹದಲ್ಲಿ 'ಇದೆ' ಶುದ್ಧ ಎಂದೆ.

"ನೀವು ಉಂಟು ಅಂತ ಹೇಳುವುದಿಲ್ಲವಾ?"

"ಹೇಳ್ತೇನೆ..."

"ಮತ್ತೆ ಎಂತ ತೊಂದರೆ ಉಂಟು?"

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಹುಡುಗಿ ಮುಂದೆ ಹೋದಳು. ಮಸೂರದ ಚಿತ್ರದ ಕೆಳಭಾಗದ ಮೇಲೆ ನನ್ನ ಅಕ್ಷರಗಳು ಕುಳಿತಿದ್ದವು. "ಅರ್ಧ ಮಸೂರ ಉಂಟು, ಇನ್ನರ್ಧ ನಿಮ್ಮ ಕನ್ನಡದ ಅಡಿಯಲ್ಲಿ ಉಂಟು" ಎಂದಳು. ನಾನು ಇನ್ನಷ್ಟು ಸಣ್ಣವಳಾದೆ.

ಆಮೇಲೆ ಒಂದು ಕಡೆ ಮಾಸ್ಟ್ರು ಪಾಠ ನಿಲ್ಲಿಸಿ, ಕಿಟಕಿಯ ಕಡೆ ನೋಡಿ, ಏನೋ ಹೇಳಿ ಜೋರಾಗಿ ನಗುತ್ತಾರೆ. ಕ್ಯಾಮೆರಾ ಹಿಡಿದವನೂ ನಕ್ಕು ಚಿತ್ರ ಅಲುಗಾಡುತ್ತದೆ. ಕೆಳಗೆ ಅಕ್ಷರವಿಲ್ಲ. ಹುಡುಗಿ ಅಲ್ಲಿ ಬೆರಳಿಟ್ಟಳು. "ಇಲ್ಲಿ ಎಂತ ಆಯ್ತು? ಬಾಯಿ ತುಂಬಾ ಹೊತ್ತು ಆಡಿದೆ."

"ಹೊರಗೆ ಮೀನಿನ ಗಾಡಿ ಬಂತು, ಹಾರ್ನ್ ಕೇಳಿತು. ಆಗ ಮಾಸ್ಟ್ರು ಹೇಳಿದರು: 'ಮೀನು ನೀರಿನಲ್ಲಿ ಇದ್ದರೆ ಮೀನು ಮೇಲೆ ಕಾಣ್ತದೆ, ಗಾಡಿಯಲ್ಲಿ ಇದ್ದರೆ ರೇಟು ಮೇಲೆ ಕಾಣ್ತದೆ.'"

ತಾಯಿ ತುಟಿಯಿಂದ ಅದನ್ನು ಮತ್ತೆ ಹೇಳಿದರು. ಹುಡುಗಿ ಮೊಬೈಲ್ ಮಡಿಲಿಗೆ ಬೀಳುವಷ್ಟು ನಕ್ಕಳು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ.

"ಇದನ್ನು ಯಾಕೆ ತೆಗೆದದ್ದು?"

"ಪಾಠಕ್ಕೆ ಬೇಕಾದ್ದಲ್ಲ ಅಂತ..."

"ಕೇಳುವವರಿಗೆ ಸಿಕ್ಕಿತಲ್ಲ. ನನಗೆ ಮಾತ್ರ ಯಾಕೆ ಬರೀ ಪಾಠ?"

ಮರುದಿನ ಬೆಳಿಗ್ಗೆ ಉಂಟುಗಳನ್ನೆಲ್ಲ ಅವುಗಳ ಜಾಗಕ್ಕೆ ವಾಪಸು ಕೂರಿಸಿದೆ. ಚಾಕ್‌ಪೀಸಿನ ಶಾಪ ಬಂತು, ಅತ್ತಾಗಳು ಬಂದವು, ಚಿತ್ರ ಇರುವ ಕಡೆ ಅಕ್ಷರಗಳು ಮೇಲಕ್ಕೆ ಹೋದವು. ಹಾರ್ನಿನಂಥ ಸದ್ದುಗಳನ್ನು ಬರೆಯುವುದು ಹೇಗೆ ಎಂಬುದರ ಬಗ್ಗೆ ಮಾಲೀಕನಿಗೂ ನನಗೂ ದೊಡ್ಡ ಚರ್ಚೆಯಾಯಿತು. 'ಪೋಂ ಪೋಂ' ಎಂದು ಬರೆಯೋಣ ಎಂದು ಅವನು. ಅದು ಬಸ್ಸೂ ಆಗಬಹುದು ಎಂದು ನಾನು. ಕೊನೆಗೆ 'ಹೊರಗೆ ಮೀನಿನ ಗಾಡಿಯ ಹಾರ್ನ್' ಎಂದೇ ಹಾಕಿದೆವು. ಪಾಠದ ಮಾತನ್ನೆಲ್ಲ ಓದಿಕೊಳ್ಳಲು ಬೇರೆಯಾಗಿಯೂ ಮುದ್ರಿಸಿ ಕಾಪುವಿಗೆ ಕಳುಹಿಸಿದೆವು.

ಅದರ ಒಂದು ಪ್ರತಿ ಮಾಸ್ಟ್ರ ಕೈಗೂ ಸಿಕ್ಕಿತು. ಓದುತ್ತಾ ಓದುತ್ತಾ ಅವರ ಮುಖ ಇಳಿಯಿತು. "ಇಷ್ಟು ಸಲ ಅತ್ತಾ ಹೇಳ್ತೇನಾ ನಾನು?" ಮುಂದಿನ ಚಿತ್ರೀಕರಣದಲ್ಲಿ ಅದನ್ನು ಹೇಳಲೇಬಾರದೆಂದು ನಿರ್ಧರಿಸಿದರು. ವಿದ್ಯುತ್ತಿನ ಪಾಠ. ಪ್ರತಿ ವಾಕ್ಯದ ಕೊನೆಗೂ ಬಾಯಿ ತೆರೆದು, ಮುಚ್ಚಿ, ಉಗುಳು ನುಂಗಿ ನಿಲ್ಲುತ್ತಿದ್ದರು. ಪೆಟ್ರೋಲ್ ಮುಗಿದ ಸ್ಕೂಟರಿನ ಹಾಗೆ. "ಹೇಳಿಬಿಡಿ ಸರ್, ಇಲ್ಲದಿದ್ದರೆ ಕರೆಂಟು ಮುಂದೆ ಹೋಗುವುದಿಲ್ಲ" ಎಂದು ಮಾಲೀಕ ಬೇಡಿಕೊಂಡ ಮೇಲೆ ಪಾಠ ಸಾಗಿತು.

ಅದನ್ನು ನೋಡಲು ಹುಡುಗಿಯೂ ತಾಯಿಯೂ ಬಂದಿದ್ದರು. ಮಾಸ್ಟ್ರು ಅಭ್ಯಾಸದಂತೆ ಬೋರ್ಡಿಗೆ ತಿರುಗಿ ಬರೆಯುತ್ತಾ ಮಾತಾಡತೊಡಗಿದಾಗ ಹುಡುಗಿ ಕೈ ಎತ್ತಿದಳು. "ಸರ್, ನಿಮ್ಮ ಬೆನ್ನು ಹೇಳುವುದು ನನಗೆ ಗೊತ್ತಾಗುವುದಿಲ್ಲ."

ಅವಳ ಧ್ವನಿ ಮೆಲ್ಲಗೆ. ಮಾಸ್ಟ್ರ ಎಡಗಿವಿ ಅವಳ ಕಡೆಗಿತ್ತು. "ಎಂತ?" ಎಂದು ಬೋರ್ಡಿಗೇ ಕೇಳಿದರು. ಅವರು ಕೇಳಿದ್ದು ಅವಳಿಗೆ ಕಾಣಲಿಲ್ಲ. ಅವಳು ಹೇಳಿದ್ದು ಅವರಿಗೆ ಕೇಳಲಿಲ್ಲ. ನಡುವೆ ನಿಂತ ತಾಯಿ ಮಾಸ್ಟ್ರ ಕಡೆ ಬೊಬ್ಬೆ ಹೊಡೆಯುತ್ತಾ, ಮಗಳ ಕಡೆ ಶಬ್ದವಿಲ್ಲದೆ ತುಟಿ ಆಡಿಸುತ್ತಾ ಸುಸ್ತಾದರು. ಕೊನೆಗೆ ಮಾಸ್ಟ್ರು ತಿರುಗಿ, ಹುಡುಗಿಯ ಎದುರು ಬಂದು, "ನಿನಗೂ ಕೇಳುವುದಿಲ್ಲವಾ? ನನಗೂ ಇಲ್ಲ. ಇವರೆಲ್ಲ ಸುಮ್ಮನೆ ಬೊಬ್ಬೆ ಹೊಡೆಯುವುದು" ಎಂದರು. ಆ ದಿನದಿಂದ ಅವರು ಮೊದಲು ಬರೆದು, ಆಮೇಲೆ ತಿರುಗಿ ನಿಂತು ಮಾತಾಡುವುದನ್ನು ಕಲಿತರು. ತಪ್ಪಿದಾಗಲೆಲ್ಲ ಬೋರ್ಡಿಗೇ 'ಛೆ' ಎಂದು, ತಿರುಗಿ, ಕ್ಯಾಮೆರಾಕ್ಕೆ ಇನ್ನೊಂದು 'ಛೆ' ಹೇಳುತ್ತಿದ್ದರು. ಎರಡನ್ನೂ ಬರೆದೆ.

ಹುಡುಗಿ ಒಳ್ಳೆಯ ಅಂಕಗಳಿಂದ ಪಾಸಾದಳು. ವಿಜ್ಞಾನದಲ್ಲಿ ಎಲ್ಲಕ್ಕಿಂತ ಹೆಚ್ಚು. ಮಾಸ್ಟ್ರು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಅವಳು ಮುಂದೆ ಭೌತಶಾಸ್ತ್ರವನ್ನೇ ಓದುತ್ತಾಳೆಂದು ತಾವೇ ತೀರ್ಮಾನಿಸಿ, ಅಟ್ಟದಿಂದ ತಮ್ಮ ಹಳೆಯ ಪುಸ್ತಕಗಳನ್ನೂ ಇಳಿಸಿದರು. ಅಷ್ಟರಲ್ಲಿ ಅವಳು ಕಾಮರ್ಸಿಗೆ ಸೇರಿದ ಸುದ್ದಿ ಬಂತು.

"ಇಷ್ಟು ಬೆಳಕು ಹಾಯಿಸಿದ್ದು ಕಾಮರ್ಸಿಗಾ?" ಎಂದು ಮಾಸ್ಟ್ರು ಕೆಲವು ದಿನ ಸ್ಟುಡಿಯೋ ಕಡೆಗೇ ಬರಲಿಲ್ಲ. ಹುಡುಗಿ ಅವರಿಗೆ ಮೆಸೇಜು ಕಳುಹಿಸಿದಳು: 'ಸೈನ್ಸ್ ಇಷ್ಟ ಉಂಟು ಸರ್. ಆದರೆ ನನಗೆ ಸ್ವಂತ ಬಟ್ಟೆ ಅಂಗಡಿ ಹಾಕಲಿಕ್ಕೆ ಉಂಟು. ಲೈಟಿಂಗ್ ನಿಮ್ಮ ಹತ್ತಿರ ಕೇಳಿಯೇ ಮಾಡಿಸುವುದು.' ಮಾಸ್ಟ್ರು ಆ ಮೆಸೇಜನ್ನು ನನಗೂ ಮಾಲೀಕನಿಗೂ ಕೆಳಗಿನ ಜೆರಾಕ್ಸ್ ಅಂಗಡಿಯವನಿಗೂ ತೋರಿಸಿದರು. ಕೋಪ ಅಲ್ಲಿಗೆ ಇಳಿಯಿತು.

ನಮಗೂ ಅವಳಿಂದ ಒಂದು ಮೆಸೇಜು ಬಂದಿತ್ತು. ಕನ್ನಡದಲ್ಲಿ ಅಕೌಂಟೆನ್ಸಿಯ ವಿಡಿಯೋ ಸಾಕಷ್ಟು ಉಂಟು, ಓದುವ ಹಾಗೆ ಒಂದೂ ಇಲ್ಲ, ನೀವು ಯಾವಾಗ ಮಾಡುವುದು ಎಂದು. ಬೇಡಿಕೆಯಲ್ಲ, ವಿಚಾರಣೆ. ಮಾಲೀಕ ಆದಿ ಉಡುಪಿಯಿಂದ ಒಬ್ಬ ಲೆಕ್ಕಶಾಸ್ತ್ರದ ಉಪನ್ಯಾಸಕಿಯನ್ನು ಹುಡುಕಿ ತಂದ. ಅವರ ಮಾತಿನ ಮುಂದೆ ಮಾಸ್ಟ್ರದ್ದು ಎತ್ತಿನ ಗಾಡಿ. ಮೊದಲ ಪಾಠ ಮುಗಿದ ಮೇಲೆ ಮೆಷಿನ್ ಏನು ಬರೆದಿದೆ ಎಂದು ತೆರೆದು ನೋಡಿದೆ. ಆಸ್ತಿ ಮತ್ತು ಹೊಣೆಗಾರಿಕೆ ಎಂದು ಅವರು ಹೇಳಿದ ಕಡೆ, ಪ್ರತಿ ವ್ಯಾಪಾರಿಯ ಬಳಿಯೂ ಆಸ್ತಿ ಮತ್ತು ಹೋಳಿಗೆ ಗಾರಿಗೆ ಇರಬೇಕು ಎಂದು ಬರೆದಿತ್ತು. ಓದುತ್ತಿದ್ದ ಹಾಗೆ ಹಸಿವಾಯಿತು. ಟಿಫಿನ್ ಬಾಕ್ಸ್ ತೆರೆದು, ತಿಂದು, ಕೈ ತೊಳೆದು ಬಂದು ಹೆಡ್‌ಫೋನ್ ಹಾಕಿಕೊಂಡೆ.